ಎದ್ದ ಮೇಲಿನ ಗೆರೆಗಳು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಗೆರೆಯಕ್ಕ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಇರದೆ ಏನು? ಮೂವತ್ತೊಂದು ವರ್ಷ ಮಕ್ಕಳ ಮಿದುಳು ಬರೆಯುವ ಗೆರೆಗಳನ್ನು ಓದಿದ ಡಾಕ್ಟರು ಅವಳು. ಫಿಟ್ಸ್ ಬರುವ ಮಗುವಿನ ತಲೆಗೆ ತಂತಿ ಅಂಟಿಸಿದರೆ ಪರದೆಯ ಮೇಲೆ ಇಪ್ಪತ್ತು ಗೆರೆ ಸಾಲಾಗಿ ಓಡುತ್ತವಲ್ಲ, ನಮಗೆ ನಿಮಗೆ ಅದು ಕೋಳಿ ಕೆದರಿದ ಹಾಗೆ ಕಾಣುತ್ತದೆ. ಅವಳಿಗೆ ಪೇಪರು ಓದಿದಷ್ಟೇ ಸಲೀಸು. ಮಗು ಎಷ್ಟು ತಿಂಗಳದ್ದು, ತೊಂದರೆ ಮಿದುಳಿನ ಯಾವ ಮೂಲೆಯಲ್ಲಿ, ಎಲ್ಲ ಕುಳಿತಲ್ಲೇ ಹೇಳಿಬಿಡುತ್ತಿದ್ದಳು.

ಈ ಹುಚ್ಚು ಹತ್ತಿದ್ದು ಐದನೇ ಕ್ಲಾಸಿನಲ್ಲಿ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಒಂದು ದಿನ ಬಿದ್ದು ಒದ್ದಾಡಿದಳು. ಮಾರನೇ ದಿನದಿಂದ ಆ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಇವಳು ಹೋಗಿ ಕೂತಳು, ಮೇಷ್ಟರು ಎಬ್ಬಿಸಿದರೂ ಏಳಲಿಲ್ಲ. ಅವತ್ತಿನ ಹಟವೇ ಇವತ್ತಿಗೂ ಅವಳ ಬಂಡವಾಳ.

ಅವಳದೊಂದು ಪದ್ಧತಿ ಇತ್ತು. ಗೆರೆ ಓದುವ ಮುಂಚೆ ಮಗುವಿನ ಹೆಸರು, ಕಾಯಿಲೆಯ ಕಥೆ, ಏನನ್ನೂ ನೋಡುವಂತಿಲ್ಲ. ಪರದೆಯ ತಲೆಗೆ ಒಂದು ರಟ್ಟಿನ ಪಟ್ಟಿ ಸಿಕ್ಕಿಸಿ ಎಲ್ಲ ಮುಚ್ಚಿಬಿಡುತ್ತಿದ್ದಳು. "ಕಥೆ ಕೇಳಿದ ಕಣ್ಣು ಇಲ್ಲದ್ದನ್ನೆಲ್ಲ ನೋಡುತ್ತೆ" ಅನ್ನುವುದು ಅವಳ ವಾದ. ಜಪ್ಪಯ್ಯ ಅಂದರೂ ತಾಯಂದಿರ ಮಾತಿಗೆ ಮೊದಲು ಕಿವಿ ಕೊಡುತ್ತಿರಲಿಲ್ಲ.

ಈಗ ಅವಳ ಕೈಯಲ್ಲಿ ಒಂಬತ್ತು ವರ್ಷದ ದುಡಿಮೆಯೊಂದು ಮುಗಿಯುವ ಹಂತಕ್ಕೆ ಬಂದಿತ್ತು. ವರ್ಷ ತುಂಬದ ಕೂಸುಗಳ ನಿದ್ದೆಯ ಗೆರೆಗಳ ಅಧ್ಯಯನ. ನಿದ್ದೆಯಲ್ಲಿ ಗೆರೆ ಶುದ್ಧವಾಗಿದ್ದರೆ ಕೂಸಿಗೆ ಫಿಟ್ಸಿಲ್ಲ, ಅಪ್ಪ ಅಮ್ಮ ನಿಶ್ಚಿಂತೆಯಾಗಿ ಮನೆಗೆ ಹೋಗಬಹುದು, ಇಷ್ಟೇ ಅದರ ಸಾರ. ವರದಿಯನ್ನು ಹತ್ತು ದಿನದಲ್ಲಿ ಕಳಿಸಬೇಕು. ಅದು ಹೊರಬಿದ್ದರೆ ಸಣ್ಣ ಪುಟ್ಟ ಆಸ್ಪತ್ರೆಗಳೂ ಅದನ್ನೇ ಪಾಲಿಸುತ್ತವೆ. ಆರು ತಿಂಗಳಿಗೆ ನಿವೃತ್ತಿ. ಎಲ್ಲ ಸುಸೂತ್ರವಾಗಿ ನಡೆದಿತ್ತು.

ಅಷ್ಟರಲ್ಲಿ ಬಸ್ಸಮ್ಮ ಬಂದಳು. ನಗರದ ಬಸ್ಸು ಓಡಿಸುವವಳು, ಖಾಕಿ ಶರ್ಟಿನಲ್ಲೇ ಬಂದಿದ್ದಳು, ತೋಳಿನಲ್ಲಿ ಏಳು ತಿಂಗಳ ಮಗಳು. ಎರಡು ಸಲ ಗೆರೆ ತೆಗೆಸಿ, ಎರಡು ಸಲವೂ "ಏನಿಲ್ಲ, ಹೊಟ್ಟೆಯ ಗ್ಯಾಸು" ಅನ್ನಿಸಿಕೊಂಡು ವಾಪಸ್ಸು ಹೋಗಿದ್ದಳು. ಎರಡು ಸಲವೂ ಹಾಗೆ ಬರೆದು ಸಹಿ ಹಾಕಿದವಳು ಗೆರೆಯಕ್ಕನೇ.

ಬಸ್ಸಮ್ಮ ಕಾರಿಡಾರಿನಲ್ಲಿ ಅವಳ ದಾರಿಗೆ ಅಡ್ಡ ನಿಂತಳು. "ಮೇಡಂ, ಮೂರು ನಿಮಿಷ ಕೊಡಿ. ಆಮೇಲೆ ಬೇಕಾದ್ರೆ ಬೈಯಿರಿ."

"ನೋಡಮ್ಮ, ಮೊದಲು ಗೆರೆ ನೋಡ್ತೀನಿ, ಆಮೇಲೆ ನಿಮ್ಮ ಮಾತು."

"ಎರಡು ಸಲ ನೋಡಿದ್ರಲ್ಲ. ಆಮೇಲೆ ಅನ್ನೋದು ಬರಲೇ ಇಲ್ಲ."

ಗೆರೆಯಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಗಡಿಯಾರ ನೋಡಿಕೊಂಡು ನಿಂತಳು. "ಹೇಳಿ" ಅಂದಳು.

"ನಾನು ಗಟ್ಟಿ ಬ್ರೇಕ್ ಹಾಕಿದಾಗ ನಿಂತಿರೋ ಜನ ಒಟ್ಟಿಗೆ ಮುಂದಕ್ಕೆ ವಾಲ್ತಾರಲ್ಲ, ಹಾಗೆ ವಾಲ್ತಾಳೆ ಮೇಡಂ. ತಲೆ ಬಗ್ಗುತ್ತೆ, ಎರಡೂ ಕೈ ಮುಂದಕ್ಕೆ ಹೋಗುತ್ತೆ. ಒಂದಾದ ಮೇಲೊಂದು, ಹತ್ತು ಹನ್ನೆರಡು ಸಲ. ಆಮೇಲೆ ಅಳ್ತಾಳೆ. ಹೋದ ತಿಂಗಳವರೆಗೆ ನನ್ನ ನೋಡಿದ್ರೆ ನಗ್ತಿದ್ಲು. ಈಗ ನಗೋದೇ ನಿಂತುಹೋಗಿದೆ."

"ಯಾವಾಗ ಆಗುತ್ತೆ?"

"ನಿದ್ದೆಯಿಂದ ಎದ್ದ ತಕ್ಷಣ. ಬೇರೆ ಹೊತ್ತಲ್ಲಿ ನಾನಂತೂ ಕಂಡಿಲ್ಲ."

ಕೂಸುಗಳಿಗೆ ಬರುವ ಈ ಬಗ್ಗುವ ಫಿಟ್ಸಿನ ಬಗ್ಗೆ ಗೆರೆಯಕ್ಕ ಓದಿದ್ದಳು, ಪಾಠವನ್ನೂ ಮಾಡಿದ್ದಳು. ಒಂದೊಂದು ವಾರ ತಡವಾದರೂ ಮಗು ಕಲಿತದ್ದನ್ನೆಲ್ಲ ಮರೆಯುತ್ತಾ ಹೋಗುತ್ತದೆ. ಕೂಸನ್ನು ನೇರ ತಂತಿಯಣ್ಣನ ಕೋಣೆಗೆ ಕರೆದೊಯ್ದಳು. ಇಪ್ಪತ್ತೆರಡು ವರ್ಷದಿಂದ ಮಕ್ಕಳ ತಲೆಗೆ ತಂತಿ ಅಂಟಿಸುತ್ತಿದ್ದ ತಂತ್ರಜ್ಞ ಅವನು, ಎಂಥ ರಚ್ಚೆ ಹಿಡಿದ ಮಗುವನ್ನೂ ಮಲಗಿಸುವವನು.

"ಮಲಗಲಿ, ಏಳಲಿ. ಎದ್ದ ಮೇಲೂ ಯಂತ್ರ ಓಡ್ತಾ ಇರಲಿ" ಅಂದಳು.

ತಂತಿಯಣ್ಣ ತಲೆ ಕೆರೆದುಕೊಂಡ. "ಎದ್ದ ಮೇಲೆ ಬೇಡ ಅಂದಿದ್ದು ನೀವೇ ಅಲ್ವಾ ಮೇಡಂ?"

"ನಾನಾ? ಯಾವಾಗ?"

ಅವನು ಯಂತ್ರದ ಮೇಲಿನ ಗೋಡೆ ತೋರಿಸಿದ. ಹಳದಿ ತಿರುಗಿದ ಕಾಗದ, ನಾಲ್ಕು ಮೂಲೆಗೂ ಟೇಪು. ಅವಳದೇ ಕೈಬರಹ: ಮಗು ಎದ್ದರೆ ನಿಲ್ಲಿಸಿ. ಗೆರೆ ಗಲೀಜಾಗುತ್ತದೆ.

ಹದಿನೆಂಟು ವರ್ಷದ ಹಿಂದೆ ಬರೆದದ್ದು. ಅದು ಶಾಲೆಗೆ ಹೋಗುವ ಮಕ್ಕಳ ನಿದ್ದೆಯ ಮೇಲಿನ ಬೇರೊಂದು ಕೆಲಸಕ್ಕೆ, ಮೂರು ತಿಂಗಳ ಮಟ್ಟಿಗೆ. ಎದ್ದ ಮಗು ಕೈಕಾಲು ಆಡಿಸುತ್ತದೆ, ಗೆರೆ ಕಲಸಿಹೋಗುತ್ತದೆ ಅಂತ. ಕೆಲಸ ಮುಗಿಯಿತು, ಕಾಗದ ತೆಗೆಯಲಿಲ್ಲ. ಅವಳ ಬಾಯಿಗೆ ಹೆದರಿ ಯಾರೂ ಕೇಳಲೂ ಇಲ್ಲ. ದಿನಾ ಅದರ ಕೆಳಗೇ ಓಡಾಡಿದ್ದಾಳೆ ಮಹಾತಾಯಿ. ಒಂಬತ್ತು ವರ್ಷದಿಂದ ತನ್ನ ಪರದೆಯ ಮೇಲೆ ಒಂದು ಕೂಸೂ ಏಳುವುದೇ ಇಲ್ಲವಲ್ಲ, ಯಾಕೆ ಅಂತ ಅಷ್ಟು ಬುದ್ಧಿವಂತೆಗೆ ಒಂದು ದಿನವೂ ಹೊಳೆದಿರಲಿಲ್ಲ. ಶುದ್ಧವಾದ ಗೆರೆ ಕಂಡರೆ ಅವಳಿಗೆ ಅಷ್ಟು ಪ್ರೀತಿ.

ಕೂಸು ಮಲಗಿತು. ಗೆರೆ ಶುದ್ಧವಾಗಿತ್ತು. ಮೂವತ್ತೆಂಟನೇ ನಿಮಿಷಕ್ಕೆ ಕಣ್ಣು ಬಿಟ್ಟಿತು. ತಂತಿಯಣ್ಣನ ಬೆರಳು ಅಭ್ಯಾಸಬಲದಿಂದ ಗುಂಡಿಯ ಹತ್ತಿರ ಹೋಯಿತು. ಗೆರೆಯಕ್ಕ ಅವನ ಕೈ ಹಿಡಿದುಕೊಂಡಳು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕೂಸಿನ ತಲೆ ಬಗ್ಗಿತು, ಕೈ ಮುಂದಕ್ಕೆ ಹೋದವು, ಇಪ್ಪತ್ತು ಗೆರೆಯೂ ಒಟ್ಟಿಗೆ ಎದ್ದು ಒಟ್ಟಿಗೆ ಸಪ್ಪಗಾದವು. ಮತ್ತೊಮ್ಮೆ. ಮತ್ತೊಮ್ಮೆ. ಹನ್ನೊಂದು ಸಲ.

"ಇದೇ ಮೇಡಂ. ಇದನ್ನೇ ನಾನು ಹೇಳ್ತಿದ್ದಿದ್ದು" ಅಂದಳು ಬಸ್ಸಮ್ಮ.

"ನೀವು ಹೇಳಿದ್ದು ಸರಿ. ನಾನು ಬರೆದದ್ದು ತಪ್ಪು" ಅಂದಳು ಗೆರೆಯಕ್ಕ, ಉಗುಳು ನುಂಗದೆ, ತಡವರಿಸದೆ. ವಾರ್ಡಿನ ವೈದ್ಯನಿಗೆ ತಾನೇ ಫೋನು ಮಾಡಿದಳು. ಅವತ್ತು ಮಧ್ಯಾಹ್ನವೇ ಔಷಧ ಶುರುವಾಯಿತು.

ವೈದ್ಯ ಅವಳ ಹಳೇ ಶಿಷ್ಯ, ಕಕ್ಕುಲಾತಿಯವನು. "ಮೇಡಂ, ವರದಿ ಹಾಗೇ ಹೋಗಲಿ. ಕೊನೆಯಲ್ಲಿ ಎರಡು ಸಾಲು ಸೇರಿಸಿದ್ರಾಯ್ತು. ನಿವೃತ್ತಿ ಹೊತ್ತಲ್ಲಿ ಯಾಕೆ ತಲೆನೋವು?"

"ಎರಡು ಸಾಲಿಗೆ ಹೆದರಿ ಯಾವ ಡಾಕ್ಟರು ತಾಯಿ ಮಾತು ಕೇಳ್ತಾನಪ್ಪ? ನಾನೇ ಕೇಳಲಿಲ್ಲ" ಅಂದಳು. ವರದಿ ಕಳಿಸಲಿಲ್ಲ.

ಮಾರನೇ ಬೆಳಿಗ್ಗೆ ರಟ್ಟಿನ ಪಟ್ಟಿ ತೆಗೆದಿಟ್ಟು ಹೆಸರುಗಳನ್ನು ಓದತೊಡಗಿದಳು. ಆ ಒಂಬತ್ತು ವರ್ಷದಲ್ಲಿ ಏನಿಲ್ಲ ಅಂತ ಮನೆಗೆ ಕಳಿಸಿದ ಕೂಸುಗಳು ಅರವತ್ಮೂರು. ಅರವತ್ಮೂರು ಮನೆಗೂ ತಾನೇ ಫೋನು ಮಾಡಿದಳು. ಹೆಚ್ಚಿನವು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು, ಓಡಾಡಿಕೊಂಡು, ಹಟ ಮಾಡಿಕೊಂಡು. ನಾಲ್ಕು ಹಾಗಿರಲಿಲ್ಲ. ಅದರಲ್ಲೊಬ್ಬ ತಾಯಿ ಎಲ್ಲ ಕೇಳಿಸಿಕೊಂಡು, "ಅವನಿಗೀಗ ನಾಲ್ಕು ವರ್ಷ. ನನ್ನ ಗುರುತು ಸಿಗಲ್ಲ. ಈಗ ಫೋನ್ ಮಾಡಿದ್ರಾ" ಅಂದು ಇಟ್ಟುಬಿಟ್ಟಳು. ಗೆರೆಯಕ್ಕ ಬಾಗಿಲು ಕೂಡ ಹಾಕಿಕೊಳ್ಳದೆ ಅತ್ತಳು. ಬೇಕಾದಷ್ಟು ಅತ್ತು, ಮುಖ ತೊಳೆದುಕೊಂಡು, ಮುಂದಿನ ನಂಬರು ಒತ್ತಿದಳು. ಆ ತಾಯಿಗೆ ಮರುದಿನ ಮತ್ತೆ ಮಾಡಿದಳು. ನಾಲ್ಕನೇ ಸಲಕ್ಕೆ ಆಕೆ, "ಯಾವತ್ತು ಕರ್ಕೊಂಡು ಬರಲಿ?" ಅಂದಳು.

ಬಸ್ಸಮ್ಮನ ಕೂಸು ಐದು ವಾರಕ್ಕೆ ವಾಪಸ್ಸು ಬಂತು. ಗೋಡೆಯಲ್ಲಿ ಕಾಗದವಿದ್ದ ಜಾಗ ಮಾತ್ರ ಚೌಕವಾಗಿ ಬೆಳ್ಳಗಿತ್ತು. ಕೂಸು ಮಲಗಿತು, ಎದ್ದಿತು. ಮೂವರೂ ಪರದೆಯ ಮುಂದೆ ಕೂತರು. ಎರಡು ನಿಮಿಷ ಕಳೆಯಿತು, ಐದು ಕಳೆಯಿತು, ಹತ್ತು ಕಳೆಯಿತು. ತಲೆ ಬಗ್ಗಲಿಲ್ಲ. ಕೂಸು ಸುತ್ತ ನೋಡಿ, ಖಾಕಿ ಶರ್ಟನ್ನು ಗುರುತು ಹಿಡಿದು, ಬೊಚ್ಚುಬಾಯಿ ತೆರೆದು ನಕ್ಕಿತು. ಕಾಲು ಒದ್ದು ತಂತಿ ಎಳೆಯಿತು. ಪರದೆಯ ತುಂಬ ಗೆರೆಗಳು ಕಲಸಿಹೋದವು. ಬಸ್ಸಮ್ಮ ಮಗಳ ಪಾದ ಹಿಡಿದುಕೊಂಡಳು.

"ಗಲೀಜಾಯ್ತು ಮೇಡಂ. ನಿಲ್ಲಿಸಲಾ?" ಅಂದ ತಂತಿಯಣ್ಣ, ಬೇಕಂತಲೇ.

"ಓಡಲಿ ಬಿಡಿ" ಅಂದಳು ಗೆರೆಯಕ್ಕ. "ಇದನ್ನೂ ಓದೋದು ಕಲೀಬೇಕು ನಾನು."