ಅತ್ತೆಯ ಈಳಿಗೆಮಣೆ

"ಇದನ್ನು ಯಾರು ಬಳಸುತ್ತಾರೆ?" ಬಣ್ಣ ಕಲಸುತ್ತಲೇ ಹೆಲೆನ್ ಇಂಗ್ಲಿಷಿನಲ್ಲಿ ಕೇಳಿದಳು.

ಅಮೆರಿಕದ ಲಿವೋನಿಯಾ ಊರಿನಲ್ಲಿ ಬೇರೆ ದೇಶಗಳಿಂದ ಬಂದು ನೆಲೆಸಿದವರ ಮನೆಗಳಿಗೆ ಹೋಗಿ, ಅವರ ದಿನಬಳಕೆಯ ಸಾಮಾನುಗಳನ್ನು ಜಲವರ್ಣದಲ್ಲಿ ಚಿತ್ರಿಸಿಡುವ ಕೆಲಸವನ್ನು ಲೈಬ್ರರಿಯವರು ಅವಳಿಗೆ ವಹಿಸಿದ್ದರು. ವಸುಧಾ ಬೆಳ್ಳಿಯ ಕುಂಕುಮದ ಭರಣಿ, ಶ್ರೀಗಂಧದ ಆನೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಕಾದಿದ್ದಳು. ಹೆಲೆನ್ ಅವುಗಳತ್ತ ತಿರುಗಿಯೂ ನೋಡದೆ, ಅಡುಗೆಮನೆಯ ಮೂಲೆಯಲ್ಲಿದ್ದ ಅತ್ತೆಯ ಈಳಿಗೆಮಣೆಯನ್ನು ಎತ್ತಿಕೊಂಡಿದ್ದಳು. ನಲವತ್ತು ವರ್ಷ ಕಾಲಿಟ್ಟು ಕಾಲಿಟ್ಟು ಹಳ್ಳ ಬಿದ್ದ ಹಲಗೆ ಅದು.

ಅತ್ತೆ ಇಂದುಮತಿಯಮ್ಮನಿಗೆ ಇಂಗ್ಲಿಷ್ ಬಾರದು. ಆದರೇನು, ವಿಷಯ ಅರ್ಥವಾಯಿತು. ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತೇಬಿಟ್ಟರು. ಕಾಲು ಮಡಚಿ ಮಣೆಯ ಮೇಲಿಟ್ಟು ಹುರುಳಿಕಾಯಿ ಹೆಚ್ಚತೊಡಗಿದರು. ವಸುಧಾ ನಾಚಿಕೆಯಿಂದ ಹಿಡಿಯಷ್ಟಾದಳು. ಗಂಡ ಡಾಕ್ಟರು, ಮನೆ ಹೊಸದು, ಬಂದವಳ ಕಣ್ಣಿಗೆ ಬೀಳಬೇಕಾದದ್ದು ಇದೇ!

"ನಮ್ಮೂರಲ್ಲಿ ಇದನ್ನು ಬಳಸುವುದು ಆಳುಗಳು," ಎಂದುಬಿಟ್ಟಳು ಇಂಗ್ಲಿಷಿನಲ್ಲಿ. "ಇವರು ಸುಮ್ಮನೆ ನಿಮಗೆ ತೋರಿಸುತ್ತಿದ್ದಾರೆ."

ಹೆಲೆನ್ ತಲೆಯಾಡಿಸಿ ಬರೆದುಕೊಂಡಳು. ತಮ್ಮ ವಿಷಯವೇ ಏನೋ ಒಳ್ಳೆಯ ಮಾತಾಡುತ್ತಿದ್ದಾರೆಂದು ಇಂದುಮತಿಯಮ್ಮ ಸೊಸೆಯತ್ತ ನೋಡಿ ನಕ್ಕರು.

1974ರ ಏಪ್ರಿಲ್‌ನಲ್ಲಿ ಲೈಬ್ರರಿಯಲ್ಲಿ ಪ್ರದರ್ಶನವಾಯಿತು. ಇಂದುಮತಿಯಮ್ಮ ಧರ್ಮಾವರಂ ಸೀರೆ ಉಟ್ಟು ಹೊರಟರು. ಚಿತ್ರದಲ್ಲಿ ಅಲಗಿನ ಕಲೆ, ಹಲಗೆಯ ಹಳ್ಳ, ಒಂದೂ ತಪ್ಪಿರಲಿಲ್ಲ. ಪಕ್ಕದಲ್ಲಿ ಕೋಸು ತುರಿಯುವ ಹಲಗೆಯ ಚಿತ್ರ. ಅದರೊಡತಿ ಪೋಲಿಷ್ ಅಜ್ಜಿ, ಕೆಳಗೆ ಅಚ್ಚಾಗಿದ್ದ ತನ್ನ ಹೆಸರನ್ನು ಬಂದವರಿಗೆಲ್ಲ ಮುಟ್ಟಿ ತೋರಿಸುತ್ತಿದ್ದಳು.

ವಸುಧಾ ತಮ್ಮ ಚಿತ್ರದ ಕೆಳಗಿನ ಇಂಗ್ಲಿಷ್ ಚೀಟಿ ಓದಿದಳು. 'ತರಕಾರಿ ಹೆಚ್ಚುವ ಮಣೆ, ಭಾರತ. ಬಳಸುವವರು: ಆಳುಗಳು.' ಅವಳು ಆಡಿದ ಮಾತು ಈಗ ಗೋಡೆಯ ಮೇಲಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನನ್ ಹೆಸರೂ ಹಾಕಿದಾರೇನೇ?" ಎಂದರು ಅತ್ತೆ.

"ಹ್ಞೂ ಅಮ್ಮ... ಹಾಕಿದಾರೆ."

"ಎಲ್ಲಿ? ಕೈಯಿಟ್ಟು ತೋರ್ಸು."

ಹಿಂದೆ ಜನ ನಿಂತಿದ್ದರು. ವಸುಧಾ ಬೆರಳನ್ನು ಕೊನೆಯ ಪದದ ಮೇಲಿಟ್ಟಳು.

ಇಂದುಮತಿಯಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಎಷ್ಟು ಮುದ್ದಾಗಿ ಬರ್ದಿದಾರೆ ಕಣೇ!" ಎಂದರು. ಆಮೇಲೆ ಪೋಲಿಷ್ ಅಜ್ಜಿಯನ್ನು ಕೈಹಿಡಿದು ಕರೆತಂದು, ಆ ಪದವನ್ನು ಮುಟ್ಟಿ, ಅದೇ ಬೆರಳನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು.