ರಿಯಾಳ ಹೆಸರಿನ ಪಾಠ

“ಪುಸ್ತಕ ಯಾರಿಗೆ ಆಂಟಿ?” ಎಂದು ವಿಶ್ವಜಿತ್ ಫೋನಿನಲ್ಲಿ ಕೇಳಿದಾಗ ಸುನಂದಾ ಹಿಂದುಮುಂದು ನೋಡದೆ “ನನ್ ಮಗಳಿಗೆ” ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಬಂದ ಭಾಗ್ಯವೇನು!

ಪರೀಕ್ಷೆ ಅವಳದೇ. ಮದುವೆಯ ಗಡಿಬಿಡಿಯಲ್ಲಿ ಕೈಬಿಟ್ಟ ಪದವಿಯನ್ನು ಈಗ, ನಲವತ್ತು ದಾಟಿದ ಮೇಲೆ, ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಯಲ್ಲಿ ಮುಗಿಸಲು ಹೊರಟಿದ್ದಳು. ಕಾಲೇಜ್ ಆಲ್ಜಿಬ್ರಾ ಒಂದೇ ಬಾಕಿ. ಅದರ ಕೋರ್ಸಿನ ಫೀಸು ಕೈಗೆಟುಕುವಂಥದಲ್ಲ. ಬದಲಿಗೆ, ಕೋರ್ಸಿಗೆ ಸೇರದೆಯೇ ಬರೆಯಬಹುದಾದ ಒಂದು ಕ್ರೆಡಿಟ್ ಪರೀಕ್ಷೆ ಪಾಸಾದರೆ ಸಾಕಿತ್ತು. ಪದವಿ ಬಂದರೆ ಮನೆಯ ಹತ್ತಿರದ ಶಿಶುವಿಹಾರದಲ್ಲಿ ಸಹಾಯಕಿಯಾಗಿದ್ದವಳು ಟೀಚರ್ ಆಗುತ್ತಾಳೆ. ಬರದಿದ್ದರೆ ವರ್ಷದ ಕೊನೆಗೆ ಇರುವ ಕೆಲಸವೂ ಇಲ್ಲ.

ಪುಸ್ತಕಕ್ಕಾಗಿ ಅವಳು ಪರದಾಡಿದ್ದು ಅಷ್ಟಿಷ್ಟಲ್ಲ. ಲೈಬ್ರರಿಯ ಪ್ರತಿಯನ್ನು ಸದಾ ಯಾರೋ ಕಾದಿರಿಸಿರುತ್ತಿದ್ದರು. ಪುಕ್ಕಟೆ ವಿಡಿಯೋದ ಮೇಷ್ಟರು ಬಸ್ಸು ತಪ್ಪಿಹೋಗುವವರ ಹಾಗೆ ಮಾತಾಡುತ್ತಿದ್ದರು. ಹದಿನಾರರ ರಿಯಾ ಹೇಳಿಕೊಡಲು ಕೂತರೆ, “ಅಮ್ಮಾ, ಇದು ಸೆಕೆಂಡರಿ ಟೂ ಮ್ಯಾಥ್ಸ್ ಲಾ, ಎರಡು ವರ್ಷದ ಹಿಂದೇನೇ ಮುಗಿಸಿದ್ದು!” ಎಂದು ಇಲ್ಲಿಯ ಶಾಲೆಯ ಧಾಟಿಯಲ್ಲಿ ರಾಗವೆಳೆದು ಎದ್ದೇಹೋಗುತ್ತಿದ್ದಳು. ಕೊನೆಗೆ ಪರದೇಶದ ಈ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ವಿಶ್ವಜಿತ್ ತನ್ನ ಹಳೆಯ ಪುಸ್ತಕವನ್ನು ಸುಮ್ಮನೆ ಕೊಡುತ್ತೇನೆಂದು ಬರೆದಿದ್ದ.

ಹಾಗಾದರೆ ಸುಳ್ಳೇಕೆ? ಸ್ನೇಹಿತರ ಮನೆಯ ದೀಪಾವಳಿಯ ಊಟದಲ್ಲಿ ಗಂಡ ಸಂಪತ್ “ನಮ್ಮನೇಲೀಗ ಇಬ್ರು ಸ್ಟೂಡೆಂಟ್ಸು” ಎಂದು ಹೆಮ್ಮೆಯಿಂದಲೇ ಹೇಳಿದ್ದ. ಅಲ್ಲಿದ್ದವರಲ್ಲೆಲ್ಲ ಹಿರಿಯರಾದ ದ್ವಾರಕನಾಥ್ ಅಂಕಲ್ ಹೋಳಿಗೆ ಮುರಿಯುತ್ತ, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮಾ?” ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತ್ತು.

ವಿಶ್ವಜಿತ್ ಒಳ್ಳೆಯ ಹುಡುಗ. ಪುಸ್ತಕ ಕೊಟ್ಟದ್ದಲ್ಲದೆ ಭಾನುವಾರ ತಾನೇ ಬಂದು ಪಾಠವನ್ನೂ ಹೇಳುತ್ತೇನೆಂದ. ಬೇಡ ಅನ್ನಲು ಸುನಂದಾಳಿಗೆ ಮನಸ್ಸಾಗಲಿಲ್ಲ. ತನ್ನ ಬದಲು ನೀನೇ ಕಲಿಯುವವಳಾಗಿ ಕೂರು ಎಂದು ಮಗಳ ಗಲ್ಲ ಹಿಡಿದು ಬೇಡಿಕೊಂಡಳು.

ಹೀಗೆ ಬ್ಲಾಕಿನ ಕೆಳಗೆ ಎಲ್ಲರಿಗೂ ತೆರೆದಿರುವ ಗೋಡೆಯಿಲ್ಲದ ನೆಲಮಹಡಿಯಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಮೇಜಿನಲ್ಲಿ ಪಾಠ ಶುರುವಾಯಿತು. ಹುಡುಗಿಯ ಜೊತೆ ತಾಯಿ ಕೂರುವುದು ವಾಡಿಕೆಯೇ ಆದ್ದರಿಂದ ಯಾರಿಗೂ ಅನುಮಾನವಿಲ್ಲ. ಅಮ್ಮನಿಗೆ ತಿಳಿಯದ್ದನ್ನೆಲ್ಲ ರಿಯಾ ತನ್ನ ಬಾಯಲ್ಲಿ ಕೇಳಿದಳು.

“ಅಣ್ಣಾ, ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ ಆಗತ್ತೆ?”

ವಿಶ್ವಜಿತ್ ಹೇಳಿದ. ರಿಯಾ ಓರೆಗಣ್ಣಿನಿಂದ ಅಮ್ಮನ ಮುಖ ನೋಡಿದಳು. ಅಲ್ಲಿ ಬೆಳಕು ಮೂಡಿರಲಿಲ್ಲ.

“ಇನ್ನೊಂದ್ಸಲ ಹೇಳ್ತೀರಾ ಅಣ್ಣಾ?”

ಇನ್ನೊಂದು ಸಲ, ಮತ್ತೊಂದು ಸಲ. ಮೂರನೆಯ ಭಾನುವಾರ ಅವನು ಪುಸ್ತಕ ಮುಚ್ಚಿ, ಸುನಂದಾಳ ಕಡೆ ತಿರುಗಿದ. ಹೇಗೆ ಹೇಳಲಿ ಎಂಬ ಸಂಕಟ ಅವನ ಮುಖದಲ್ಲೇ ಇತ್ತು.

“ಆಂಟಿ, ಬೇಜಾರ್ ಮಾಡ್ಕೋಬೇಡಿ. ರಿಯಾಗೆ ಬೇಸಿಕ್ಸೇ ಇಲ್ಲ. ಈ ಎಕ್ಸಾಮ್ ಅವಳ ಕೈಲಾಗಲ್ಲ. ಸುಮ್ನೆ ಸೀಟ್ ಬುಕ್ ಮಾಡಿ ಫೀಸ್ ವೇಸ್ಟ್ ಮಾಡ್ಬೇಡಿ. ಬೇರೆ ಏನಾದ್ರೂ ಟ್ರೈ ಮಾಡ್ಲಿ.”

ರಿಯಾ ತರಗತಿಗೇ ಮೊದಲಿಗಳು. ಅವಳ ಕಿವಿ ಕೆಂಪೇರಿತು, ಬಾಯಿ ತೆರೆಯಿತು. ಸುನಂದಾ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಗಟ್ಟಿಯಾಗಿ ಅದುಮಿದಳು. ಒಂದು ಮಾತು ಸಾಕಿತ್ತು. ಆ ಮಾತು ಗಂಟಲವರೆಗೆ ಬಂತು, ಅದರ ಹಿಂದೆಯೇ ಊಟದ ಮನೆಯ ನಗುವೂ ಬಂತು.

“ಸಾರಿ ಅಣ್ಣಾ,” ಎಂದಳು ರಿಯಾ.

“ಅಯ್ಯೋ, ಸಾರಿ ಯಾಕೆ? ಎಲ್ಲರಿಗೂ ಎಲ್ಲಾ ಬರ್ಬೇಕಂತಿಲ್ಲ.” ಅವನು ಸ್ವಲ್ಪ ತಡೆದು, “ಆಂಟಿ, ನಿಮ್ಗೆ ಬೇಡ ಅಂದ್ರೆ ಪುಸ್ತಕನ ಬುಕಿತ್ ಬಾಟೋಕ್ ಏರಿಯಾದಲ್ಲಿ ಇನ್ನೊಬ್ರು ಕೇಳ್ತಿದಾರೆ, ಅವರ ಮಗನಿಗೆ...” ಎಂದ.

ಸುನಂದಾ ಪುಸ್ತಕವನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಎತ್ತಿ ಕೊಟ್ಟಳು. ಥ್ಯಾಂಕ್ಸ್ ಕೂಡ ಹೇಳಿದಳು. ಮೈ ಸುಟ್ಟುಹೋಗುವಷ್ಟು ನಾಚಿಕೆಯಾಗಿತ್ತು ಅವಳಿಗೆ, ತನಗಾಗಿ ಅಲ್ಲ, ಮಗಳ ತಲೆಗೆ ಕಟ್ಟಿದ ದಡ್ಡತನಕ್ಕಾಗಿ.

ಲಿಫ್ಟಿನಲ್ಲಿ ರಿಯಾ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದಳು. “ರಿಯಾ...” ಎಂದು ಸುನಂದಾ ಭುಜ ಮುಟ್ಟಿದರೆ ಭುಜವನ್ನು ಮೆಲ್ಲಗೆ ಸರಿಸಿಕೊಂಡಳು.

ಮನೆಯ ಬಾಗಿಲು ತೆಗೆದ ಸಂಪತ್ ನಗುತ್ತ, “ಹೇಗಾಯ್ತು ಪಾಠ? ಪಾಸ್ ಆಗ್ತಾಳಾ ನಿಮ್ಮಮ್ಮ?” ಎಂದ.

“ನಾನು ದಡ್ಡಿ ಅಂತೆ ಅಪ್ಪಾ,” ಎಂದು ರಿಯಾ ಅವನ ಪಕ್ಕದಿಂದ ನುಸುಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಪತ್ ಏನೆಂದು ತಿಳಿಯದೆ ಹೆಂಡತಿಯನ್ನು ನೋಡಿದ. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ ಸುನಂದಾ ಇನ್ನೊಂದನ್ನು ಬಿಡದೆ ಹೊಸಿಲ ಹೊರಗೇ ನಿಂತಿದ್ದಳು.