ಮೆತ್ತನೆಯ ಪ್ಯಾಡು

ಆಷಾಢದ ಗಾಳಿಯ ನಡುವೆ ಯಲಹಂಕದ ಗ್ಯಾರೇಜಿನಲ್ಲಿ ಬೆಳಗಿನ ಕೆಲಸ ಸಾಗಿತ್ತು. ಶಾಲಾಮಕ್ಕಳನ್ನು ಕರೆದೊಯ್ಯುವ ಗೋಪಿಯ ಕಾರು ನಿನ್ನೆ ಪುಟ್ಟೇನಹಳ್ಳಿಯ ಇಳಿಜಾರಿನಲ್ಲಿ, ಮಕ್ಕಳ ಸಮೇತ, ಬ್ರೇಕ್ ಒತ್ತಿದರೂ ಮಾರುದ್ದ ಜಾರಿತ್ತು. ಮೆಕ್ಯಾನಿಕ್ ನಯಾಜ್ ಎರಡು ಜೊತೆ ಬ್ರೇಕ್ ಪ್ಯಾಡ್ ಮುಂದಿಟ್ಟ.

"ಇದು ಗಟ್ಟಿ, ಎರಡು ವರ್ಷ ಬರುತ್ತೆ. ಇದು ಮೆತ್ತಗಿದೆ, ಬೇಗ ಸವೆಯುತ್ತೆ, ಆದ್ರೆ ಹಿಡಿತ ಚೆನ್ನಾಗಿದೆ."

"ಗಟ್ಟೀದೇ ಹಾಕು ಗುರು, ಪದೇಪದೇ ಯಾರ್ ಬರ್ತಾರೆ?" ಎಂದ ಗೋಪಿ.

ಜೊತೆಗಿದ್ದ ತಾತ ಮುನಿಶಾಮಪ್ಪ ಪ್ಯಾಡನ್ನು ಉಗುರಿನಿಂದ ಕೆರೆದು ನೋಡಿದರು. "ಲೋ, ಎತ್ತಿನ ಗಾಡಿ ಬ್ರೇಕಿಗೆ ನಾನೂ ಇಂಗೇ ಗಟ್ಟಿ ಜಾಲಿಮರ ಕಟ್ಟಿದ್ದೆ. ಮರ ಸವೀಲಿಲ್ಲ, ಚಕ್ರಾನೂ ಹಿಡೀಲಿಲ್ಲ. ರಾಗಿಮೂಟೆ ಸಮೇತ ಕೆರೆಗಿಳಿದೆ. ನೀನು ಒಯ್ಯೋದು ಮೂಟೆ ಅಲ್ಲ ಕಣೋ."

ಗೋಪಿ ಗಟ್ಟಿ ಪ್ಯಾಡನ್ನು ಹಿಂದಕ್ಕೆ ತಳ್ಳಿದ.

"ಮೆತ್ತಂದೇ ಹಾಕು ನಯಾಜಣ್ಣ. ಆರು ತಿಂಗಳಿಗೇ ಬಾ ಅಂದ್ರೂ ಬರ್ತೀನಿ."